ಪಂಚಮಿಗೆ ತವರಿಗೆ ಬರುವ ಕಾರುಗಳು

ನನ್ನ ಸೋದರಮಾವನಿಗೆ ನಾಲ್ಕು ಜನ ಹೆಣ್ಣುಮಕ್ಕಳು. ನಾಲ್ವರಿಗೂ ಒಂದೇ ಹೆಸರು, ನಾಲ್ವರಿಗೂ ನಾಲ್ಕು ನಾಲ್ಕು ಚಕ್ರ! ಮೂವರನ್ನು ಒಳ್ಳೆಯ ಮನೆತನ ನೋಡಿ ಕೊಟ್ಟಾಗಿದೆ. ಕಿರಿಯಳು ಇನ್ನೂ ಹೊನ್ನಾಳಿಯ ಮನೆಯಲ್ಲೇ ಇದ್ದಾಳೆ, ದಿನಾ ಬೆಳಿಗ್ಗೆ ಮೈ ತೊಳೆಸಿಕೊಂಡು ಮಾವನ ಪಾತ್ರೆ ಅಂಗಡಿಗೆ ಹೋಗಿ ಬರುತ್ತಾಳೆ. ನಗುವುದಾದರೆ ನಗಿ. ಹೊನ್ನಾಳಿಯವರೆಲ್ಲ ನಕ್ಕು ಸುಸ್ತಾಗಿ ಈಗ ಸುಮ್ಮನಾಗಿದ್ದಾರೆ.

ಇವು ಕಾರುಗಳು ಎಂದು ಬೇರೆ ಹೇಳಬೇಕಾಗಿಲ್ಲ. ಒಂದೇ ಕಾರಿನ ನಾಲ್ಕು ತಲೆಮಾರು. ಅದರ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ಕಂಪನಿಗೆ ಪುಕ್ಕಟೆ ಜಾಹೀರಾತು, ಹೇಳದಿದ್ದರೆ ನಿಮಗೇನೂ ನಷ್ಟವಿಲ್ಲ. ಕಿಟಕಿ ತೆಗೆದು ನೋಡಿ, ನಿಮ್ಮ ಬೀದಿಯಲ್ಲೇ ಒಂದೆರಡು ನಿಂತಿರುತ್ತವೆ. ಗಂಡ, ಹೆಂಡತಿ, ಎರಡು ಮಕ್ಕಳು, ಜೊತೆಗೆ ಮಡಿಲ ಮೇಲೆ ಕೂರಿಸಿಕೊಳ್ಳಬಹುದಾದ ಒಬ್ಬ ನೆಂಟ, ಇಷ್ಟು ಜನ ಹಿಡಿಸುವ ಪುಟ್ಟ ಕಾರು.

ಮಾವನ ಲೆಕ್ಕದಲ್ಲಿ ಪ್ರಪಂಚದ ಇತಿಹಾಸವೂ ನಾಲ್ಕೇ ಭಾಗ. ಯಾರಾದರೂ "ನಿಮ್ಮ ಮಗನ ಮದುವೆ ಯಾವಾಗ ಆತು?" ಎಂದು ಕೇಳಿದರೆ, "ಎರಡನೇದು ಬಂದಿತ್ತಲ್ಲ, ಡೀಸಲ್ದು, ಅದರ ಮರುವರ್ಷ" ಎನ್ನುತ್ತಾನೆ. ಹೊಳೆಗೆ ಮಹಾಪೂರ ಬಂದದ್ದು ಮೊದಲನೆಯದರ ಕಾಲದಲ್ಲಿ. ಅತ್ತೆಯ ಕಣ್ಣಿನ ಆಪರೇಷನ್ ಮೂರನೆಯದರಲ್ಲಿ. ನಾನು ಹುಟ್ಟಿದ್ದು ಮೊದಲನೆಯದು ಬರುವುದಕ್ಕೂ ಮುಂಚೆ. ಆದ್ದರಿಂದ ಮಾವನ ದೃಷ್ಟಿಯಲ್ಲಿ ನಾನು ಇತಿಹಾಸಪೂರ್ವ ಕಾಲದವಳು!

ಈ ಸಲ ಶ್ರಾವಣ ಹುಟ್ಟುವ ಹೊತ್ತಿಗೆ ಜಗಳೂರು ತಾಲ್ಲೂಕಿನ ಬಿಳಿಚೋಡಿನಿಂದ ಮಾವನಿಗೆ ಫೋನು ಬಂತು. ಅಲ್ಲಿಗೆ ಕೊಟ್ಟಿದ್ದ ಹಿರಿಯಳನ್ನು ಗುಜರಿಗೆ ಹಾಕುತ್ತಾರಂತೆ. ಹಾಕುವುದು ಅವರ ಇಷ್ಟ, ಆದರೆ ಪಂಚಮಿಗೆ ಅವಳು ತವರಿಗೆ ಬಂದೇ ಹೋಗಬೇಕು ಎಂದು ಮಾವ ಹಟ ಹಿಡಿದ. ಅವನ ಹಟ ಗೆದ್ದಿತೋ ಸೋತಿತೋ ಎಂದು ಹೇಳಲೆಂದೇ ಇದನ್ನೆಲ್ಲ ಬರೆಯುತ್ತಿದ್ದೇನೆ. ಆದರೆ ಹುಡುಗಿ ತವರಿಗೆ ಬರುವ ಸುದ್ದಿಗೆ ಮುಂಚೆ ಅವಳು ಹುಟ್ಟಿದ ಸುದ್ದಿ ಹೇಳಬೇಕಲ್ಲವೇ?

ಮೊದಲನೆಯದು ಬಂದಾಗ ಮಾವನ ಬೀದಿಯಲ್ಲಿ ಅಂಥದ್ದನ್ನು ಯಾರೂ ನೋಡಿರಲಿಲ್ಲ. ಅಲ್ಲಿಯವರೆಗಿನ ಕಾರುಗಳು ಬೆಂಕಿಪೊಟ್ಟಣದ ಹಾಗೆ ಚೌಕಾಕಾರ. ಇದು ಎಲ್ಲ ಕಡೆಯೂ ಗುಂಡಗೆ. ಮೊದಲ ಪ್ರಯಾಣ ಜಗಳೂರಿಗೆ, ನನ್ನ ಅಮ್ಮನನ್ನು ಪಂಚಮಿಗೆ ಕರೆತರಲು. ಅಮ್ಮ ಮಾವನಿಗೆ ಅಕ್ಕ. ಜಗಳೂರಿಗೆ ಕೊಟ್ಟ ವರ್ಷದಿಂದ ಮಾವ ಬಸ್ಸು ಬದಲಿಸಿ ಬದಲಿಸಿ ಬಂದು ಅವಳನ್ನು ಕರೆದುಕೊಂಡು ಹೋಗುತ್ತಿದ್ದ. ಆ ವರ್ಷ ಕಾರು ತಂದು ಬಾಗಿಲಿಗೆ ನಿಲ್ಲಿಸಿದ. ಅಮ್ಮ ಭಯಭಕ್ತಿಯಿಂದ ಬಂದಳು, ಹೊಸ ಕಾರಿನೊಳಗೆ ಕೆಸರು ಮೆತ್ತಬಾರದೆಂದು ಚಪ್ಪಲಿ ಕಳಚಿ ರಸ್ತೆ ಬದಿಗೆ ನೀಟಾಗಿ ಜೋಡಿಸಿ ಇಟ್ಟಳು, ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕೂತಳು. ಚಪ್ಪಲಿ ಜಗಳೂರಿನಲ್ಲೇ ಉಳಿದಿವೆ ಎಂದು ಗೊತ್ತಾದದ್ದು ದಾವಣಗೆರೆಯಲ್ಲಿ, ಟೀ ಕುಡಿಯಲು ಇಳಿಯುವಾಗ! "ಬರಿಗಾಲಲ್ಲಿ ಕರ್ಕಂಡು ಬಂದ ಅಂತ ಊರೋರು ನನ್ನ ಉಗೀತಾರೆ ಕಣೇ ಅಕ್ಕಾ" ಎಂದು ಮಾವ ಅಲ್ಲೇ ಹೊಸ ಜೋಡಿ ಕೊಡಿಸಿದ. ಹಬ್ಬ ಮುಗಿಸಿ ಅಮ್ಮ ವಾಪಸು ಬಂದಾಗ ಹಳೆಯ ಜೋಡಿ ಇಟ್ಟಲ್ಲೇ ಇತ್ತು.

ಎರಡನೆಯ ತಲೆಮಾರು ಬಂದಾಗ ಕಂಪನಿಯವರು ಉದ್ದ ಹೆಚ್ಚಾಗಿದೆ, ಅಗಲ ಹೆಚ್ಚಾಗಿದೆ ಎಂದು ಏನೇನೋ ಹೇಳಿಕೊಂಡರು. ಪಾತ್ರೆ ವ್ಯಾಪಾರಿ ಅದನ್ನೆಲ್ಲ ನಂಬುತ್ತಾನೆಯೇ? ಮಾವ ಶೋರೂಮಿಗೆ ಒಂದು ತಾಮ್ರದ ಹಂಡೆ ಹೊತ್ತುಕೊಂಡು ಹೋದ. ಮೊದಲನೆಯದರ ಡಿಕ್ಕಿಯಲ್ಲಿ ಆ ಹಂಡೆ ಹಿಡಿಯುತ್ತಿರಲಿಲ್ಲ. ಎರಡನೆಯದರಲ್ಲಿ ಸ್ವಲ್ಪ ವಾಲಿಸಿದರೆ ಹಿಡಿಯಿತು. ಟೈ ಕಟ್ಟಿಕೊಂಡ ಹುಡುಗ ಮೈಲೇಜಿನ ವಿಷಯ ಶುರು ಮಾಡಿದ. ಮಾವ, "ಹಂಡೆ ಹಿಡಿದೈತಲ್ಲಪ್ಪ, ಇನ್ನೇನು ಹೇಳ್ತೀ" ಎಂದು ಬುಕ್ ಮಾಡಿಯೇ ಬಂದ. ಮೂರನೆಯದು ಬಂದಾಗ ಹಂಡೆ ನೆಟ್ಟಗೆ ಕೂತಿತು. ನಾಲ್ಕನೆಯದರ ಹೊತ್ತಿಗೆ ಶೋರೂಮಿನವರೇ ಫೋನು ಮಾಡಿ, "ಸಾರ್, ಹಂಡೆ ತಗಂಡು ಬರ್ರಿ" ಎಂದರಂತೆ.

ಹೊಸದು ಬಂದ ಮೇಲೆ ಹಳೆಯದನ್ನು ಏನು ಮಾಡಬೇಕು? ನೀವೋ ನಾನೋ ಆದರೆ ಮಾರುತ್ತೇವೆ. ಮಾವ ಮಾರುವುದಿಲ್ಲ, ಕೊಡುತ್ತಾನೆ, ಹೆಣ್ಣು ಕೊಟ್ಟ ಹಾಗೆ. ಕೊಳ್ಳುವವರು ಕಾರು ನೋಡಲು ಬಂದರೆ ಬಾಗಿಲು ಸಹ ತೆಗೆಯುವುದಿಲ್ಲ. ಮೊದಲು ಇವನೇ ಅವರ ಮನೆ ನೋಡಲು ಹೋಗುತ್ತಾನೆ. ಉಪ್ಪಿಟ್ಟು ತಿನ್ನುತ್ತಾ ಅಂಗಳ ನೋಡುತ್ತಾನೆ, ನೆರಳು ನೋಡುತ್ತಾನೆ, ಮನೆಯಲ್ಲಿ ಕೋಳಿ ಸಾಕಿದ್ದಾರಾ ಎಂದು ವಿಚಾರಿಸುತ್ತಾನೆ. ಓಡಿಸುವವನು ಕುಡಿಯುತ್ತಾನಾ ಎಂದು ಆ ಮನೆಯವರನ್ನು ಬಿಟ್ಟು ಪಕ್ಕದ ಮನೆಯವರನ್ನು ಕೇಳುತ್ತಾನೆ.

ಹಿರಿಯಳಿಗೆ ಹೀಗೆ ಸಿಕ್ಕಿದ್ದು ಬಿಳಿಚೋಡಿನ ಕುರಿ ವ್ಯಾಪಾರಿ ಅನ್ವರ್ ಸಾಬರ ಮನೆ. ಮಾವನ ಷರತ್ತು ಒಂದೇ. "ಸಾಬ್ರೆ, ಕುರಿ ಮಾತ್ರ ಹತ್ತಿಸಬಾರದು."

"ಕುರಿ ಒಯ್ಯಾಕೆ ಬೇರೆ ಗಾಡಿ ಐತ್ರಿ ಅಣ್ಣಾರೆ. ಇದರಾಗೆ ನಮ್ಮ ಬೇಗಂ ಹತ್ತತಾಳೆ," ಎಂದರು ಸಾಬರು.

ಮಾತು ಮುಗಿಯಿತು. ಮದುವೆಯಾಗಿ ಚನ್ನಗಿರಿಗೆ ಬಂದು ಹೊಲಿಗೆ ಅಂಗಡಿ ಇಟ್ಟಿರುವ ನನಗೆ ಮಾವನಿಂದ ಆರ್ಡರ್ ಬಂತು: ಸೀಟುಗಳಿಗೆ ಹೊಸ ಕವರು ಹೊಲಿಯಬೇಕು, ಮದುವಣಗಿತ್ತಿ ಹಳೆಯ ಬಟ್ಟೆಯಲ್ಲಿ ಹೋಗಬಾರದು. ಅವತ್ತಿನಿಂದ ನಾನು ಆ ಮನೆಯ ಹೆಣ್ಣುಮಕ್ಕಳಿಗೆಲ್ಲ ಅಧಿಕೃತ ದರ್ಜಿ. ಒಂದು ವರ್ಷದ ಮೇಲೆ ಸರ್ವಿಸಿಗೆಂದು ಹೊನ್ನಾಳಿಗೆ ತರಿಸಿಕೊಂಡಾಗ ಕಾರಿನ ಸೀಟಿನಡಿ ಕುರಿ ಹಿಕ್ಕೆ ಸಿಕ್ಕಿ ಮಾವ ಇಡೀ ದಿನ ಊಟ ಬಿಟ್ಟ. ಸಾಬರು ಫೋನಿನಲ್ಲಿ, "ಒಂದೇ ಮರಿ ಅಣ್ಣಾರೆ, ಜ್ವರ ಬಂದಿತ್ತು, ಡಾಕ್ಟರ ಹತ್ರ ಕರ್ಕಂಡು ಹೋಗಿದ್ವಿ" ಎಂದು ವಿವರಿಸಿದ ಮೇಲೆ, "ರೋಗಿ ಆದ್ರೆ ತಪ್ಪೇನಿಲ್ಲ ಬಿಡ್ರಿ" ಎಂದು ಊಟಕ್ಕೆ ಕೂತ.

ಎರಡನೆಯವಳನ್ನು ನ್ಯಾಮತಿ ತಾಲ್ಲೂಕಿನ ಗೋವಿನಕೋವಿಗೆ, ಒಬ್ಬ ರೈತರ ಮನೆಗೆ ಕೊಟ್ಟಾಗ ಮಾವ ಇನ್ನೊಂದು ಹೆಜ್ಜೆ ಮುಂದೆ ಹೋದ. ಡಿಕ್ಕಿಯಲ್ಲಿ ಮಡಿಲಕ್ಕಿ ತುಂಬಿಸಿದ! ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ, ರವಿಕೆ ಬಟ್ಟೆ. ಸುಮ್ಮನಿರಲಾರದೆ ಅತ್ತೆಯೂ ಒಂದು ಹಿಡಿ ಹೆಚ್ಚಿಗೆ ಹಾಕಿದಳು. ವಾರದಲ್ಲಿ ಗೋವಿನಕೋವಿಯಿಂದ ದೂರು ಬಂತು: "ಯಜಮಾನ್ರೆ, ನಿಮ್ಮ ಮಗಳ ತುಂಬ ಇರುವೆ ಅದಾವೆ. ನಾವು ಕೂರಾಕೆ ಅವು ಜಾಗ ಬಿಡವಲ್ಲವು." ಬೆಲ್ಲವನ್ನು ತೆಗೆದು ಒಳಗಿಡಿ ಎಂದು ಮಾವ ಹೇಳಿರಲಿಲ್ಲ, ತವರಿನವರು ತುಂಬಿದ್ದನ್ನು ಕೇಳದೆ ತೆಗೆಯುವುದು ಹೇಗೆ ಎಂದು ಅವರು ಮುಟ್ಟಿರಲಿಲ್ಲ.

ಮೂರನೆಯ ತಲೆಮಾರಿನದು ಬೇರೆಯೇ ಪೇಚು. ಅದರಲ್ಲಿ ಹಿಂದಿನ ಬಾಗಿಲಿನ ಹಿಡಿಕೆಯನ್ನು ಕಂಪನಿಯವರು ಕಿಟಕಿಯ ಪಕ್ಕ ಮೇಲ್ಗಡೆ, ಕಪ್ಪು ಪಟ್ಟಿಯೊಳಗೆ ಅಡಗಿಸಿಟ್ಟಿದ್ದರು. ನೋಡಲು ಚಂದವಂತೆ. ನ್ಯಾಮತಿಯಿಂದ ಬಂದ ಅತ್ತೆಯ ತಾಯಿ ಕಾರಿಗೆ ಒಂದು ಪ್ರದಕ್ಷಿಣೆ ಹಾಕಿದರು. ಬಾಗಿಲನ್ನು ಮೇಲಿಂದ ಕೆಳಗೆ ಸವರಿದರು. ಕೊನೆಗೆ, "ಹಿಂದಕ್ಕೆ ಬಾಗಿಲೇ ಇಲ್ಲ ಕಣೋ ಅಳಿಯಾ, ಬರೀ ಗೆರೆ ಎಳೆದು ಕೊಟ್ಟಾರೆ ನಿಂಗೆ" ಎಂದರು. ನಾಲ್ಕನೆಯದರಲ್ಲಿ ಹಿಡಿಕೆ ಮತ್ತೆ ಕೆಳಗೆ, ಎಲ್ಲ ಕಾರುಗಳಲ್ಲಿ ಇರುವ ಜಾಗಕ್ಕೇ ಇಳಿಯಿತು. ತಾನು ಸರ್ವಿಸಿಗೆ ಹೋದಾಗಲೆಲ್ಲ ಹೇಳಿ ಹೇಳಿ ಇಳಿಸಿದ್ದು ಎಂದು ಮಾವ ಇವತ್ತಿಗೂ ನಂಬಿದ್ದಾನೆ. ಅವನ ಈ ವಿಶ್ವಾಸವನ್ನು ಅಲ್ಲಾಡಿಸಲು ಯಾರಿಂದಲೂ ಆಗಿಲ್ಲ.

ಈ ಮೂರನೆಯವಳು ಹೋದದ್ದು ನಮ್ಮ ಚನ್ನಗಿರಿ ತಾಲ್ಲೂಕಿನ ನಲ್ಲೂರಿಗೆ, ಒಬ್ಬ ಕಿರಾಣಿ ಅಂಗಡಿಯವರ ಮನೆಗೆ. ಇರುವೆಯ ಪಾಠ ಕಲಿತಿದ್ದ ಮಾವ ಈ ಸಲ ಬೆಲ್ಲ ಬಿಟ್ಟು ಬರೀ ತೆಂಗಿನಕಾಯಿ ಇಟ್ಟ. ಅಂಗಡಿಯವರು ಕಾರು ಓಡಿಸಲು ತೊಡಗಿದ ದಿನದಿಂದ ಹಿಂದಿನಿಂದ ಗುಡುಗುಡು ಶಬ್ದ. ಮೆಕ್ಯಾನಿಕ್ ಚಕ್ರ ಬಿಚ್ಚಿದ, ಸ್ಪ್ರಿಂಗು ಬಿಚ್ಚಿದ, ಹೊಸ ರಬ್ಬರು ಹಾಕಿದ, ಶಬ್ದ ಹೋಗಲಿಲ್ಲ. "ಬೇರಿಂಗ್ ಹೋಗಿರಬೇಕು" ಎಂದು ಅದನ್ನೂ ಬದಲಿಸಿದ. ಟೈರು ಪಂಕ್ಚರಾಗಿ ಸ್ಟೆಪ್ನಿ ಎತ್ತಿದ ದಿನ ಅದರ ಕೆಳಗಿನ ಗುಂಡಿಯಲ್ಲಿ ಮಡಿಲಿನ ತೆಂಗಿನಕಾಯಿ ಉರುಳಾಡುತ್ತಿತ್ತು! ಸುದ್ದಿ ತಿಳಿದ ಮಾವನಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. "ಗಂಡನ ಮನೇಲಿ ತವರಿನ ಸದ್ದು ಒಂಚೂರು ಇರಬೇಕು" ಎಂದ.

ಹೀಗೆ ಕೊಟ್ಟ ಮೇಲೆ ಮುಗಿಯಿತೇ? ಪಂಚಮಿಗೆ ಹೆಣ್ಣುಮಕ್ಕಳನ್ನು ಕರೆತರಬೇಡವೇ? ಕೆಲವು ವರ್ಷಗಳಿಂದ ಮಾವ ಹಬ್ಬದ ಹಿಂದಿನ ದಿನ ಮೂರೂ ಊರಿಗೆ ಹೋಗಿ ಕಾರುಗಳನ್ನು ಕರೆದು ಬರುತ್ತಾನೆ. ಜೊತೆಗೆ ಆ ಮನೆಯವರೂ ಬರುತ್ತಾರೆ. ಹಬ್ಬದ ಬೆಳಿಗ್ಗೆ ಹೊನ್ನಾಳಿಯ ಆ ಬೀದಿಯಲ್ಲಿ ನಾಲ್ಕೂ ಸಾಲಾಗಿ ನಿಲ್ಲುತ್ತವೆ, ಹಿರಿಯಳು ಮೊದಲು. ಅತ್ತೆ ಆರತಿ ಎತ್ತುತ್ತಾಳೆ, ಕನ್ನಡಿಗೆ ರವಿಕೆ ಬಟ್ಟೆ ಕಟ್ಟುತ್ತಾಳೆ. ಬಂದವರಿಗೆ ಶೇಂಗಾ ಉಂಡೆ, ಎಳ್ಳುಂಡೆ, ತಂಬಿಟ್ಟು. ಪಂಚಮಿಯೆಂದರೆ ಜೋಕಾಲಿ ಬೇಕಲ್ಲ? ಮಾವ ಒಂದೊಂದನ್ನೇ ವಾಟರ್ ಸರ್ವಿಸಿಗೆ ಒಯ್ದು ಲಿಫ್ಟಿನ ಮೇಲೆ ಹತ್ತಿಸುತ್ತಾನೆ. ಅದು ಮೇಲಕ್ಕೆ ಎತ್ತುತ್ತದೆ, ಕೆಳಕ್ಕೆ ಇಳಿಸುತ್ತದೆ, ಮಾವ ಕೆಳಗೆ ನಿಂತು, "ಇನ್ನೊಂದ್ಸಲ ಎತ್ತಪ್ಪ, ಹುಡುಗಿ ಖುಷಿಯಾಗವಳೆ" ಎನ್ನುತ್ತಾನೆ. "ನನ್ನ ತವರು ನ್ಯಾಮತಿ, ಕೂಗಿದರೆ ಕೇಳುವಷ್ಟು ಹತ್ತಿರ. ನನ್ನ ಕಳಸಾಕೆ ಇವರಿಗೆ ಪುರುಸೊತ್ತಿಲ್ಲ, ಇವಕ್ಕೆ ಜೋಕಾಲಿ" ಎಂದು ಅತ್ತೆ ಗೊಣಗುತ್ತಾಳೆ. ಇದೆಲ್ಲ ನನಗೆ ಹೇಗೆ ಗೊತ್ತೆಂದರೆ, ಮಾವ ಪ್ರತಿ ಪಂಚಮಿಗೂ ನನ್ನ ಮೊಬೈಲಿಗೆ ವಿಡಿಯೋ ಕಳಿಸುತ್ತಾನೆ.

ಈಗ ಹಿರಿಯಳ ವಿಷಯಕ್ಕೆ ಬರೋಣ. ಹಬ್ಬ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಮಾವ ಕಿರಿಯಳನ್ನು ಓಡಿಸಿಕೊಂಡು ಚನ್ನಗಿರಿಗೆ ಬಂದು ನನ್ನ ಅಂಗಡಿ ಮುಂದೆ ನಿಲ್ಲಿಸಿದ. "ಸೂಜಿ ದಾರ ತಗಂಡು ಹತ್ತು. ಬಿಳಿಚೋಡಿಗೆ ಹೋಗಾಣ. ಅವಳ ಸೀಟಿನ ಹೊಲಿಗೆ ಬಿಚ್ಚಿದ್ರೆ ನೀನೇ ಹಾಕಬೇಕು. ಹರಕು ಬಟ್ಟೇಲಿ ತವರಿಗೆ ಬರಾಕೆ ಆಗುತ್ತಾ?"

"ಗುಜರಿಗೆ ಹೋಗೋ ಕಾರಿಗೆ ಹೊಲಿಗೆ ಯಾಕೆ ಮಾವ?"

"ಯಾರು ಹೇಳಿದ್ದು ಗುಜರಿಗೆ ಅಂತ? ನಾನು ಹೋಗಿ ಕಿವಿ ಕೊಟ್ಟು ಕೇಳಿದ್ರೆ ಗೊತ್ತಾಗುತ್ತೆ ಏನಾಗೈತೆ ಅಂತ. ಎದ್ದು ಓಡ್ತಾಳೆ ನೋಡು."

ದಾರಿಯುದ್ದಕ್ಕೂ ಮಾವ ಅವಳ ಗುಣಗಾನ ಮಾಡಿದ. ಎಷ್ಟು ಚಳಿಯಲ್ಲೂ ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದವಳು, ಯಾವ ಏರಿಗೂ ಏದುಸಿರು ಬಿಟ್ಟವಳಲ್ಲ. ದಾವಣಗೆರೆ ದಾಟುವ ಹೊತ್ತಿಗೆ ನನಗೂ ಅವಳು ಎದ್ದು ಓಡುತ್ತಾಳೆ ಎನ್ನಿಸತೊಡಗಿತ್ತು. ಮಾವನ ಧೈರ್ಯವೇ ಅಂಥದ್ದು, ಪಕ್ಕದಲ್ಲಿ ಕೂತವರಿಗೂ ಅಂಟುತ್ತದೆ.

ಬಿಳಿಚೋಡಿನಲ್ಲಿ ಅನ್ವರ್ ಸಾಬರು ಬೇವಿನ ನೆರಳಿನಲ್ಲಿ ನಿಂತಿದ್ದರು. ಹಿರಿಯಳೂ ಅಲ್ಲೇ ನಿಂತಿದ್ದಳು, ಬಣ್ಣ ಮಾಸಿ, ಒಂದು ಕಣ್ಣಿನ ಗಾಜು ಬಿರಿದು. "ಆರ್‌ಟಿಓದಾಗ ಎಫ್‌ಸಿ ಆಗಾದಿಲ್ರಿ ಅಣ್ಣಾರೆ," ಎಂದರು ಸಾಬರು. "ಅಡಿಗಿನ ತಗಡು ಪೂರಾ ತುಕ್ಕು. ಕಾಲಿಟ್ಟರೆ ರೋಡು ಕಾಣ್ತೈತೆ."

"ರೋಡು ಕಂಡ್ರೆ ಒಳ್ಳೇದೇ ಅಲ್ಲೇನ್ರಿ. ಗುಂಡಿ ಎಲ್ಲೈತೆ ಅಂತ ಮೊದಲೇ ಗೊತ್ತಾಗುತ್ತೆ," ಎಂದ ಮಾವ.

ಸಾಬರ ಬೇಗಂ ಬಾಗಿಲಲ್ಲಿ ನಿಂತಿದ್ದರು. ನನ್ನ ಕಡೆ ನೋಡಿ ಮೆಲ್ಲಗೆ, "ನಮ್ಮ ಸೊಸೆಯಂದಿರು ಹೆರಿಗೆಗೆ ಹೋಗಿದ್ದು ಇದರಾಗೇ ಕಣವ್ವ, ಮೊಮ್ಮಕ್ಕಳು ಮನೆಗೆ ಬಂದಿದ್ದೂ ಇದರಾಗೇ. ಗುಜರಿಯೋನು ನೋಡಾಕೆ ಬಂದಾಗ ನಾನು ಒಳಗೆ ಹೋಗಿ ಕೂತ್ಕಂಡೆ" ಎಂದರು.

ಮಾವ ಬಾನೆಟ್ ಎತ್ತಿ ಕಿವಿ ಕೊಟ್ಟ. ಹೊಸ ಬ್ಯಾಟರಿ ತಂದಿದ್ದ, ಜೋಡಿಸಿದ. ಕೀಲಿ ತಿರುಗಿಸಿದರೆ ಒಂದು ಕೆಮ್ಮು, ಅಷ್ಟೇ. ಸಾಬರು, ಅವರ ಮಗ, ಪಕ್ಕದ ಮನೆಯವರು, ನಾನು, ಎಲ್ಲರೂ ಸೇರಿ ನೂಕಿದೆವು. ಏನಾಶ್ಚರ್ಯ, ಹೊಗೆ ಬಿಟ್ಟು ಎದ್ದೇಬಿಟ್ಟಳು! ಮಾವ ಕಿಟಕಿಯಿಂದ ಕೈ ಬೀಸುತ್ತಾ ಬೀದಿಯ ಕೊನೆಯವರೆಗೆ ಹೋದ. ತಿರುಗಿಸಿಕೊಂಡು ಬರುವಾಗ ಒಂದು ಸಣ್ಣ ಗುಂಡಿ ಬಂತು. ಕರಕ್ ಎಂದು ಶಬ್ದವಾಯಿತು, ಮಾವನ ತಲೆ ಇದ್ದಕ್ಕಿದ್ದಂತೆ ಕಿಟಕಿಯಿಂದ ಮಾಯವಾಯಿತು. ಓಡಿ ಹೋಗಿ ನೋಡಿದರೆ ಸೀಟಿನ ಕಾಲು ತಗಡನ್ನು ತೂರಿ ಕೆಳಗಿಳಿದಿತ್ತು. ಮಾವ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅದರ ಅಡಿಯಿಂದ ನಮ್ಮನ್ನು ನೋಡುತ್ತಿದ್ದ. ಎಲ್ಲರಿಗೂ ನಗು ತಡೆಯಲಾಗಲಿಲ್ಲ, ಸಾಬರಂತೂ ಬಗ್ಗಿ ಮೊಣಕಾಲು ಹಿಡಿದು ನಕ್ಕರು. ಮಾವನೂ ನಕ್ಕ. ಆದರೆ ಇಳಿಯಲಿಲ್ಲ.

ನಾವು ನಗು ನಿಲ್ಲಿಸಿದ ಮೇಲೂ ಅವನು ಅಲ್ಲೇ ಕೂತಿದ್ದ. ಎಂಜಿನ್ ತಾನಾಗಿಯೇ ನಿಂತಿತು. ಕೊನೆಗೆ, "ಇವಳು ಬರಾಕೆ ಆಗಲ್ಲ ಬಿಡ್ರಿ" ಎಂದ. ಇಳಿದು ಬಂದು, ಅತ್ತೆ ಕಟ್ಟಿಕೊಟ್ಟಿದ್ದ ಗಂಟನ್ನು ಕಿರಿಯಳ ಡಿಕ್ಕಿಯಿಂದ ತೆಗೆದು, ಅದರಲ್ಲಿದ್ದ ಉಂಡೆಗಳನ್ನೂ ರವಿಕೆ ಬಟ್ಟೆಯನ್ನೂ ಬೇಗಂ ಅವರ ಕೈಗೆ ಕೊಟ್ಟ. "ತಗಳವ್ವ. ಇಷ್ಟು ವರ್ಷ ಚೆನ್ನಾಗಿ ನೋಡ್ಕಂಡಿರಿ." ಆ ಹೆಂಗಸು ಸೆರಗಿನಲ್ಲಿ ತೆಗೆದುಕೊಂಡು ಕಣ್ಣೊರೆಸಿಕೊಂಡರು. ನನ್ನ ಸೂಜಿ ದಾರ ಚೀಲದಲ್ಲೇ ಉಳಿಯಿತು.

ವಾಪಸು ಬರುವಾಗ ಮಾವ ದಾವಣಗೆರೆಯಲ್ಲಿ ಟೀಗೂ ನಿಲ್ಲಿಸಲಿಲ್ಲ. ಒಂದು ಕಾರು ಹೋದರೆ ಇಷ್ಟು ದುಃಖವೇ ಎಂದು ನನಗೆ ಸ್ವಲ್ಪ ಸಿಟ್ಟೂ ಬಂತು. ಚನ್ನಗಿರಿಯಲ್ಲಿ ನನ್ನ ಮನೆಯ ಮುಂದೆ ನಿಲ್ಲಿಸಿದ. ನಾನು ಇಳಿದು, "ಒಳಗೆ ಬಾ ಮಾವ, ಊಟ ಮಾಡ್ಕಂಡು ಹೋಗು" ಎಂದೆ.

"ನೀನು ಬಟ್ಟೆ ತುಂಬ್ಕಂಡು ಬಾ," ಎಂದ.

"ಯಾರ ಬಟ್ಟೆ?"

"ನಿಂದು. ಪಂಚಮಿಗೆ ಬೇಕಲ್ಲ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನನಗೆ ಅಣ್ಣತಮ್ಮಂದಿರಿಲ್ಲ. ಅಪ್ಪ ಮೊದಲೇ ಹೋಗಿದ್ದರು. ಅಮ್ಮನೂ ಹೋದ ಮೇಲೆ ಜಗಳೂರಿನ ಮನೆಗೆ ಬೀಗ ಬಿತ್ತು. ಆಮೇಲೆ ಪಂಚಮಿ ಎಂದರೆ ನನಗೆ ಬೇರೆ ಹೆಂಗಸರು ತವರಿಗೆ ಉಟ್ಟುಕೊಂಡು ಹೋಗುವ ಸೀರೆಗೆ ರವಿಕೆ ಹೊಲಿದುಕೊಡುವ ಹಬ್ಬ. ಹಬ್ಬದ ಬೆಳಿಗ್ಗೆ ಎಲ್ಲರೂ ಹೋದ ಮೇಲೆ ಯಂತ್ರದ ಮುಂದೆ ಕೂತು ಮಾವನ ವಿಡಿಯೋ ನೋಡುತ್ತಿದ್ದೆ. ನಗುತ್ತಿದ್ದೆ, ನಿಜ. ಆದರೆ ಒಂದೊಂದು ವರ್ಷ ಪೂರ್ತಿ ನೋಡಲಾಗದೆ ಮೊಬೈಲು ಬೋರಲು ಹಾಕಿದ್ದೂ ಉಂಟು. ಕಾರುಗಳು ತವರಿಗೆ ಬರಲು ಶುರುವಾದದ್ದು ಅಮ್ಮ ತೀರಿಹೋದ ವರ್ಷದ ಪಂಚಮಿಯಿಂದಲೇ ಎಂಬುದು ನನಗೆ ಆ ಕ್ಷಣದವರೆಗೂ ಹೊಳೆದಿರಲಿಲ್ಲ.

ಮಾವ ನನ್ನ ಮುಖ ನೋಡದೆ ರಸ್ತೆ ನೋಡುತ್ತಾ ಮಾತಾಡಿದ. "ನಿನ್ನ ಕರೀಬೇಕು ಅಂತ ಪ್ರತಿ ವರ್ಷ ಅನ್ಕಂಡೆ. ಒಂದ್ಸಲ ಚನ್ನಗಿರಿ ತನಕ ಬಂದು ವಾಪಸ್ ಹೋದೆ. ನಿಂದು ಪೂರಾ ಅಕ್ಕನ ಮುಖ. ನೀನು ಹಿಂದೆ ಕೂತ್ಕಂಡು, ನಾನು ಕನ್ನಡಿಲಿ ನೋಡಿದ್ರೆ ಗಾಡಿ ಹೊಡೆಯಾಕೆ ಆಗಲ್ಲ ಅನ್ನಿಸ್ತು. ಪಂಚಮಿ ದಿನ ಮನೆ ಮುಂದೆ ಯಾರೂ ಬಂದು ಇಳಿಯಲ್ಲ ಅಂದ್ರೆ ಅದೂ ತಡ್ಕಳಾಕೆ ಆಗಲಿಲ್ಲ. ಅದಕ್ಕೆ ಇವನ್ನ ಕರ್ಕಂಡು ಬಂದೆ." ಸ್ಟೇರಿಂಗ್ ಸವರುತ್ತಾ, "ಮಗಳು ಇಲ್ಲೇ ಇದ್ಲು. ನಾನು ತಗಡು ಕರ್ಕಂಡು ಬರ್ತಿದ್ದೆ" ಎಂದ.

ನಾನು ಒಳಗೆ ಹೋಗಿ ಕೈಗೆ ಸಿಕ್ಕ ಸೀರೆಗಳನ್ನು ಚೀಲಕ್ಕೆ ತುರುಕಿದೆ. ಕಣ್ಣು ಮಂಜಾಗಿ ಒಂದಕ್ಕೂ ಜೊತೆ ರವಿಕೆ ಸಿಗಲಿಲ್ಲ. ನನ್ನ ಗಂಡ ಹೊರಗೆ ಬಂದು, "ಮತ್ತೆ ಯಾವಾಗ ಕಳಸ್ತೀರಿ ಮಾವಾರೆ?" ಎಂದು ಕೇಳಿದರು.

ಮಾವ ತನ್ನ ಹಳೆಯ ಗತ್ತಿಗೆ ಬಂದಿದ್ದ. "ನಮಗೆ ಮನಸ್ಸಾದಾಗ," ಎಂದ.

ನಾನು ಮುಂದಿನ ಬಾಗಿಲಿಗೆ ಕೈ ಹಾಕಿದೆ. ಮಾವ ಬೇಡವೆಂದು ತಲೆಯಾಡಿಸಿ ಹಿಂದಿನ ಸೀಟು ತೋರಿಸಿದ. ಹತ್ತಿ ಕೂತೆ. ಅವನು ಕನ್ನಡಿಯನ್ನು ಸರಿಮಾಡಿಕೊಂಡ, ನೋಡಿದ, ಟವೆಲಿನಿಂದ ಮುಖ ಒರೆಸಿಕೊಂಡು ಹೊರಟ. ಹೊನ್ನಾಳಿಯವರೆಗೂ ಅವನ ಕಣ್ಣು ಕನ್ನಡಿಯ ಮೇಲೇ ಇತ್ತು, ರಸ್ತೆಯ ಒಂದು ಗುಂಡಿಯನ್ನೂ ಬಿಡಲಿಲ್ಲ. ನಿಧಾನಕ್ಕೆ ಹೋಗು ಮಾವ ಎಂದು ನಾನೂ ಹೇಳಲಿಲ್ಲ, ತವರಿಗೆ ಹೋಗುತ್ತಿದ್ದೆ.